ಘಟಪ್ರಭೆಯ ನೆಲ, ಉಪಗ್ರಹದ ಕಡತ

ಬೆಳಗಾವಿ ಜಿಲ್ಲೆಯ ಹುಕ್ಕೇರಿ, ಗೋಕಾಕ, ಮೂಡಲಗಿ ತಾಲ್ಲೂಕುಗಳು ಘಟಪ್ರಭಾ ನದಿಯ ನಡುಗಣಿವೆಯಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಒಂದಕ್ಕೊಂದು ತಾಗಿಕೊಂಡಿವೆ. ಸಹ್ಯಾದ್ರಿಯಲ್ಲಿ ಹುಟ್ಟುವ ನದಿ 283 ಕಿ.ಮೀ. ಹರಿದು ಬಾಗಲಕೋಟೆ ಜಿಲ್ಲೆಯಲ್ಲಿ ಕೃಷ್ಣೆಯನ್ನು ಸೇರುತ್ತದೆ. ಅದರ ಉಪನದಿ ಹಿರಣ್ಯಕೇಶಿ ಹುಟ್ಟುವ ಅಂಬೋಲಿಯಲ್ಲಿ ವರ್ಷಕ್ಕೆ ಏಳು ಸಾವಿರ ಮಿ.ಮೀ. ಆಸುಪಾಸು ಮಳೆ ಸುರಿದರೆ, ಗೋಕಾಕದ ಮೂಡಣ ಬಯಲಿನಲ್ಲಿ ಅದರ ಹತ್ತರಲ್ಲಿ ಒಂದು ಪಾಲೂ ಬೀಳುವುದಿಲ್ಲ. ನೀರು ಒಂದು ಕಡೆ, ಕಪ್ಪು ಎರೆಭೂಮಿ ಇನ್ನೊಂದು ಕಡೆ. ಎರಡನ್ನೂ ಕೂಡಿಸಲು ನೂರಕ್ಕೂ ಹೆಚ್ಚು ವರ್ಷಗಳಿಂದ ನಡೆದ ಕೆಲಸವೇ ಈ ಕಣಿವೆಯ ಪರಿಸರದ ಇತಿಹಾಸ. ಅದರಲ್ಲಿ ಕೊನೆಯ ಐವತ್ತು ವರ್ಷಗಳಿಗೆ ಆಕಾಶದಿಂದ ತೆಗೆದ ಚಿತ್ರಗಳ ಸಾಕ್ಷ್ಯವಿದೆ. ಸಾಕ್ಷ್ಯ ದೊಡ್ಡದೇ. ಆದರೆ ಅದು ಆರಂಭವಾದದ್ದು ಕಣಿವೆಯ ಬಹುಪಾಲು ಬದಲಾವಣೆ ನಡೆಯುತ್ತಿದ್ದ ಹೊತ್ತಿನಲ್ಲಿ, ಅದಕ್ಕೂ ಮೊದಲಲ್ಲ. ಇಲ್ಲಿನ ಉಪಗ್ರಹ ಚಿತ್ರಗಳನ್ನು ಓದುವವರು ಈ ಒಂದು ಸಂಗತಿಯನ್ನು ಮರೆತರೆ ಉಳಿದ ಲೆಕ್ಕವೆಲ್ಲ ಓರೆಯಾಗುತ್ತದೆ.

ಉಪಗ್ರಹಕ್ಕೆ ಮುಂಚಿನ ಅಳತೆ ಸರಪಳಿಯದು. ಮುಂಬಯಿ ಸರ್ಕಾರದ ಕಂದಾಯ ಸರ್ವೆಯನ್ನು 1835ರ ಸುಮಾರಿಗೆ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಪುಣೆಯ ಕಡೆ ರೂಪಿಸಿದರು. 1836ರಲ್ಲಿ ಧಾರವಾಡದಿಂದ ಬೇರೆಯಾದ ಬೆಳಗಾವಿ ಜಿಲ್ಲೆಗೂ ಶತಮಾನದ ನಡುವೆ ಅದು ಬಂತು. 33 ಅಡಿಯ ಸರಪಳಿ, ಅದಕ್ಕೆ 16 ಆಣೆಯ ಭಾಗ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಹೊಲಗಳಿಗೆ ಸರ್ವೆ ನಂಬರು ಬಿದ್ದದ್ದು, ಮೂಲೆಗಳಲ್ಲಿ ಗಡಿಕಲ್ಲು ನಿಂತದ್ದು ಆಗ. ಅಳೆಯುವವರ ಹಿಂದೆ ಮಣ್ಣಿನ ದರ್ಜೆ ಕಟ್ಟುವವರು ಬರುತ್ತಿದ್ದರು. ಅವರು ನೆಲವನ್ನು ಅಗೆದು ಬಣ್ಣ, ಆಳ, ಸುಣ್ಣಕಲ್ಲಿನ ಬೆರಕೆ ನೋಡಿ, ಒಳ್ಳೆಯ ಎರೆಗೆ 16 ಆಣೆ, ಅದಕ್ಕಿಂತ ಕಡಿಮೆಯದಕ್ಕೆ ಇಳಿಸಿದ ಆಣೆ ಎಂದು ಬರೆದಿಟ್ಟರು. ಉದ್ದೇಶ ಕಂದಾಯ. ಆದರೂ ಮೂರು ತಾಲ್ಲೂಕುಗಳ ನೆಲದ ಸ್ಥಿತಿಯನ್ನು ಹೊಲಹೊಲವಾಗಿ ದಾಖಲಿಸಿದ ಮೊದಲ ಕಡತ ಅದೇ. ಒಂದು ವಿಷಯದಲ್ಲಿ ಅದು ಇಂದಿಗೂ ಮೇಲು: ಮಣ್ಣಿನ ಆಳವನ್ನು ಯಾವ ಉಪಗ್ರಹದ ಕ್ಯಾಮೆರಾವೂ ನೋಡಲಾರದು.

ಸರ್ವೆಯ ಬೆನ್ನಿಗೆ ನೀರಿನ ಕೆಲಸ ಬಂತು. ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಿಸಿದ ಮುಂಬಯಿ ಗೆಜೆಟಿಯರಿನ ಬೆಳಗಾವಿ ಸಂಪುಟ 1884ರಲ್ಲಿ ಅಚ್ಚಾಯಿತು. ಆ ಕೆಲಸ ಶುರುವಾಗುವ ಹೊತ್ತಿನ ಜೋಳ, ಹತ್ತಿ, ಕುರುಚಲು ಕಾಡು, ಬರಗಾಲ ಇವುಗಳ ವಿವರ ಅದರಲ್ಲಿ ಸಿಗುತ್ತದೆ. ಮರುವರ್ಷವೇ ಗೋಕಾಕ ಮಿಲ್ಲಿನ ಕಂಪನಿ ಹುಟ್ಟಿಕೊಂಡು, 1887ರಲ್ಲಿ ಗೋಕಾಕ ಜಲಪಾತದ ಬಳಿ ನೂಲಿನ ಗಿರಣಿ ನಡೆಯತೊಡಗಿತು. 52 ಮೀಟರ್ ಎತ್ತರದಿಂದ ಕುದುರೆ ಲಾಳದ ಆಕಾರದ ಮರಳುಗಲ್ಲಿನ ಅಂಚು ದಾಟಿ ಬೀಳುವ ನೀರೇ ಅದರ ಶಕ್ತಿ. ಬೇಸಿಗೆಯಲ್ಲೂ ನೀರು ಸಿಗಬೇಕಾದರೆ ಮೇಲುಗಡೆ ಸಂಗ್ರಹ ಬೇಕು. ಧೂಪದಾಳದಲ್ಲಿ 19ನೇ ಶತಮಾನದ ಕೊನೆಯ ದಶಕಗಳಲ್ಲಿ ಕಟ್ಟಿದ ಒಡ್ಡು ಮಿಲ್ಲಿಗೂ ಕಾಲುವೆಗೂ ನೀರು ನಿಲ್ಲಿಸಿತು. ಕಲ್ಲಿನ ಆ ಒಡ್ಡು ಇಂದಿಗೂ ಕೆಲಸ ಮಾಡುತ್ತಿದೆ. ಘಟಪ್ರಭಾ ಎಡದಂಡೆ ಕಾಲುವೆ ಹೊರಡುವುದು ಅಲ್ಲಿಂದಲೇ. ಹೀಗೆ ಆಕಾಶದ ಕಣ್ಣು ತೆರೆಯುವ ಹೊತ್ತಿಗೆ ಗೋಕಾಕದ ನದಿಗೆ ಮುಕ್ಕಾಲು ಶತಮಾನದ ಕಟ್ಟು ಬಿದ್ದಾಗಿತ್ತು. ಸಹಜ ನದಿಯ ಚಿತ್ರವನ್ನು ಇಲ್ಲಿ ಯಾವ ಉಪಗ್ರಹವೂ ತೆಗೆದಿಲ್ಲ.

ಬಾಹ್ಯಾಕಾಶದಿಂದ ನೆಲದ ಚಿತ್ರ ತೆಗೆಯುವ ಕೆಲಸಕ್ಕೆ ಕೈಹಾಕಿದವರು ಮೊದಲಿಗೆ ಗೂಢಚಾರರು. ಅಮೆರಿಕದ ಕೊರೋನಾ ಉಪಗ್ರಹಗಳು 1960ರಿಂದ 1972ರವರೆಗೆ ಫಿಲ್ಮ್ ಸುರುಳಿಗಳನ್ನು ಪ್ಯಾರಾಶೂಟಿನಲ್ಲಿ ಕೆಳಗಿಳಿಸುತ್ತಿದ್ದವು. 1995ರಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಚಿತ್ರಗಳ ಮೇಲಿನ ಗುಟ್ಟಿನ ಮುದ್ರೆ ತೆಗೆದಾಗ, ಪ್ರಪಂಚದ ಅನೇಕ ಕಡೆ ಅಣೆಕಟ್ಟುಗಳಿಗೆ ಮುಂಚಿನ ಕಣಿವೆಗಳನ್ನು ನೋಡಲು ಪುರಾತತ್ತ್ವದವರಿಗೂ ಭೂಗೋಳದವರಿಗೂ ದಾರಿಯಾಯಿತು. ಭಾರತದಲ್ಲಿ ದೂರಸಂವೇದನೆಯ ಮೊದಲ ಪ್ರಯೋಗ ಇದಕ್ಕಿಂತ ಸಾತ್ವಿಕವಾದದ್ದು: 1970ರ ಸುಮಾರಿಗೆ ಪಿ. ಆರ್. ಪಿಷಾರೋಟಿಯವರ ತಂಡ ಕೇರಳದ ತೆಂಗಿನ ತೋಟಗಳ ಮೇಲೆ ಹೆಲಿಕಾಪ್ಟರ್ ಹಾರಿಸಿ, ಅವಕೆಂಪು ಫಿಲ್ಮಿನಲ್ಲಿ ಬೇರುರೋಗದ ಮರಗಳನ್ನು ಗುರುತಿಸಿತು. ರೋಗಬಿದ್ದ ಎಲೆ ಕಣ್ಣಿಗೆ ಹಳದಿಯಾಗುವ ಮೊದಲೇ ಅವಕೆಂಪು ಬೆಳಕಿನಲ್ಲಿ ಮಂಕಾಗುತ್ತದೆ. ಮುಂದೆ ಕಬ್ಬು, ಬರ, ಕಾಡುಗಳ ಲೆಕ್ಕಕ್ಕೆಲ್ಲ ಆಧಾರವಾದದ್ದು ಇದೇ ತತ್ತ್ವ. ಹಸಿರೆಲೆ ಕೆಂಪು ಬೆಳಕನ್ನು ಹೀರುತ್ತದೆ, ಅವಕೆಂಪನ್ನು ಜೋರಾಗಿ ಹಿಂದಕ್ಕೆ ಎಸೆಯುತ್ತದೆ. ಎರಡರ ಅಂತರ ಹೆಚ್ಚಿದ್ದಷ್ಟೂ ಬೆಳೆ ಹುಲುಸು. ನೀರು ಅವಕೆಂಪನ್ನು ನುಂಗಿ ಕಪ್ಪಾಗಿ ಕಾಣುತ್ತದೆ. ಉಪ್ಪಿನ ಪೊರೆ ಬೆಳ್ಳಗೆ ಹೊಳೆಯುತ್ತದೆ.

ಜನಬಳಕೆಯ ಮೊದಲ ಭೂವೀಕ್ಷಣಾ ಉಪಗ್ರಹ ಲ್ಯಾಂಡ್‌ಸ್ಯಾಟ್-1 ಮೇಲೇರಿದ್ದು 1972ರ ಜುಲೈ 23ರಂದು. ಅದರ ಚಿತ್ರದ ಒಂದು ಚೌಕ, ಅಂದರೆ ಪಿಕ್ಸೆಲ್, ನೆಲದ ಮೇಲೆ ಸುಮಾರು 80 ಮೀಟರ್. ಗೋಕಾಕದ ಲೆಕ್ಕದಲ್ಲಿ ಒಂದೂವರೆ ಎಕರೆ ದಾಟಿದ ಹೊಲಕ್ಕೆ ಒಂದೇ ಬಣ್ಣ. 18 ದಿನಕ್ಕೊಮ್ಮೆ ಅದೇ ಜಾಗದ ಮೇಲೆ ಬರುತ್ತಿತ್ತು. ಆಗ ಭಾರತದಲ್ಲಿ ಅದರ ಸಂಕೇತ ಹಿಡಿಯುವ ನೆಲಠಾಣೆ ಇರಲಿಲ್ಲ. ಉಪಗ್ರಹದೊಳಗಿನ ಟೇಪಿನಲ್ಲಿ ಹಿಡಿದದ್ದಷ್ಟೇ ಅಮೆರಿಕಕ್ಕೆ ತಲುಪುತ್ತಿತ್ತು, ಟೇಪುಗಳೂ ಕೆಡುತ್ತಿದ್ದವು. ಹೈದರಾಬಾದ್ ಬಳಿಯ ಶಾದನಗರದಲ್ಲಿ ನೇರವಾಗಿ ಚಿತ್ರ ಪಡೆಯುವ ಏರ್ಪಾಡು 1979-80ರ ಹೊತ್ತಿಗೆ ಆಯಿತು. ಆ ನಡುವಿನ ವರ್ಷಗಳ ಚಿತ್ರಗಳು ಅಲ್ಲೊಂದು ಇಲ್ಲೊಂದು.

ಆ ನಡುವಿನ ವರ್ಷಗಳಲ್ಲೇ ಹುಕ್ಕೇರಿ ತಾಲ್ಲೂಕಿನಲ್ಲಿ ಹಿಡಕಲ್ ಅಣೆಕಟ್ಟು ಮೇಲೆದ್ದಿತು. ವಂಟಮೂರಿಯ ರಾಜಾ ಲಖಮಗೌಡರ ಹೆಸರಿನ ಈ ಜಲಾಶಯ 1977ರದು. ಪೂರ್ಣ ಮಟ್ಟ 2175 ಅಡಿ, ಸಾಮರ್ಥ್ಯ 51 ಟಿಎಂಸಿ. ಹಿನ್ನೀರಿನಲ್ಲಿ ಹೊಲಗಳು, ನದಿದಂಡೆಯ ತೋಪುಗಳು, ಊರುಗಳು ಮುಳುಗಿದವು. ಅವುಗಳಲ್ಲಿ ಹುನ್ನೂರು ಒಂದು. ಅದರ ಕಲ್ಲಿನ ವಿಠ್ಠಲ ದೇವಾಲಯ ನೀರಿನಡಿ ಗಟ್ಟಿಯಾಗಿ ನಿಂತಿದ್ದು, ಬೇಸಿಗೆಯಲ್ಲಿ ಜಲಾಶಯ ತಳ ಕಂಡಾಗ ಹೊರಬರುತ್ತದೆ. ಜನ ಹಿಂಡುಹಿಂಡಾಗಿ ಹೋಗಿ ನೋಡುತ್ತಾರೆ.

ಚಿತ್ರಗಳು ವಿರಳವಾಗಿದ್ದ ವರ್ಷಗಳಲ್ಲೇ ಅಣೆಕಟ್ಟು ಎದ್ದದ್ದು ದಾಖಲೆಯ ದೃಷ್ಟಿಯಿಂದ ದುರದೃಷ್ಟ. ಯುರೋಪಿಯನ್ ಒಕ್ಕೂಟದ ಜಂಟಿ ಸಂಶೋಧನಾ ಕೇಂದ್ರ 2016ರಲ್ಲಿ ಪ್ರಕಟಿಸಿದ ಜಾಗತಿಕ ಮೇಲ್ಮೈ ನೀರಿನ ನಕ್ಷೆ ಸುಮಾರು 30 ಲಕ್ಷ ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನು ಜಾಲಿಸಿ, ಎಲ್ಲಿ ನೀರು ಹೊಸದಾಗಿ ಬಂತು, ಎಲ್ಲಿ ಹೋಯಿತು ಎಂದು ಹೇಳುತ್ತದೆ. ಅದು ಆರಂಭವಾಗುವುದು 1984ರಿಂದ. ಆ ನಕ್ಷೆಯಲ್ಲಿ ಹಿಡಕಲ್ ಹುಟ್ಟುವುದೇ ಇಲ್ಲ, ಮೊದಲಿನಿಂದಲೂ ಇದೆ. ಪ್ರಪಂಚದ ಕಾಡುಗಳ ಏರಿಳಿತ ತೋರಿಸುವ ಹೆಸರುವಾಸಿ ನಕ್ಷೆಗಳು 2000ದಿಂದ ಶುರುವಾಗುತ್ತವೆ. ಅವುಗಳ ಪ್ರಕಾರ ಗೋಕಾಕ ಗುಡ್ಡಗಳಲ್ಲಿ ಕಳೆದುಕೊಳ್ಳಲು ಹೆಚ್ಚೇನೂ ಉಳಿದಿರಲಿಲ್ಲ. ‘ಬದಲಾವಣೆ’ ಎಂಬುದು ಎಣಿಕೆ ಶುರುವಾದ ವರ್ಷದ ಮೇಲೆ ನಿಂತಿದೆ. ಈ ಕಣಿವೆಯಲ್ಲಿ ಆ ವರ್ಷವನ್ನು ಆಯ್ದವರು ಇಲ್ಲಿನವರಲ್ಲ, ರಾಕೆಟ್ಟಿನ ವೇಳಾಪಟ್ಟಿ.

ಭಾರತದ ಸ್ವಂತ ಉಪಗ್ರಹಗಳ ಸರದಿ ಭಾಸ್ಕರ-1 (1979), ಭಾಸ್ಕರ-2 (1981) ಪ್ರಯೋಗಗಳಿಂದ ಮೊದಲಾಗಿ, 1988ರ ಮಾರ್ಚ್ 17ರಂದು ಬೈಕನೂರಿನಿಂದ ಹಾರಿದ ಐಆರ್‌ಎಸ್-1ಎ ಮೂಲಕ ಗಟ್ಟಿಯಾಯಿತು. ಅದರ ಎರಡು ಬಗೆಯ ಕ್ಯಾಮೆರಾಗಳಲ್ಲಿ ಒಂದರ ಚೌಕ 72.5 ಮೀಟರ್, ಇನ್ನೊಂದರದು 36.25 ಮೀಟರ್. ಸರಪಳಿಯ ಭಾಷೆಯಲ್ಲಿ ಮೊದಲನೆಯದು ಒಂದು ಎಕರೆ 12 ಗುಂಟೆ, ಎರಡನೆಯದು 13 ಗುಂಟೆ. 1984ರ ಲ್ಯಾಂಡ್‌ಸ್ಯಾಟ್-5ರ 30 ಮೀಟರ್ ಚೌಕ 9 ಗುಂಟೆಗೆ ತುಸು ಕಡಿಮೆ. 1995ರ ಐಆರ್‌ಎಸ್-1ಸಿ 23.5 ಮೀಟರಿಗೆ, ಅಂದರೆ ಐದೂವರೆ ಗುಂಟೆಗೆ ಇಳಿಯಿತು. 2015ರಲ್ಲಿ ಬಂದ ಯುರೋಪಿನ ಸೆಂಟಿನೆಲ್-2ರ ಚೌಕ 10 ಮೀಟರ್. ಹೆಚ್ಚುಕಡಿಮೆ ಸರಿಯಾಗಿ ಒಂದು ಗುಂಟೆ. ವಿಂಗೇಟನ ಸರಪಳಿ ಹಿಡಿದ ಅಳತೆಗೆ ಬಂದು ಮುಟ್ಟಲು ಆಕಾಶಕ್ಕೆ 43 ವರ್ಷ ಬೇಕಾಯಿತು.

ಚಿತ್ರ ಇದ್ದರೆ ಸಾಲದು, ಓದುವವರು ಬೇಕು. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಸಂಸ್ಥೆ (2008ರಿಂದ ಇಸ್ರೋದ ಅಂಗವಾಗಿ ರಾಷ್ಟ್ರೀಯ ದೂರಸಂವೇದಿ ಕೇಂದ್ರ) ದೇಶದ ಪಾಳುಭೂಮಿಯ ಮೊದಲ ನಕ್ಷೆಗಳನ್ನು 1980ರ ದಶಕದಲ್ಲಿ ತಯಾರಿಸಿತು. ಬೆಂಗಳೂರಿನಲ್ಲಿ 1986ರಲ್ಲಿ ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರ ಹುಟ್ಟಿತು. ಆ ದಿನಗಳ ಕೆಲಸ ಬಹುತೇಕ ಕೈಕೆಲಸ: ಹುಸಿಬಣ್ಣದ ದೊಡ್ಡ ಮುದ್ರಣವನ್ನು ದೀಪದ ಮೇಜಿನ ಮೇಲೆ ಹರಡಿ, ಪಾರದರ್ಶಕ ಹಾಳೆ ಹೊದಿಸಿ, ಸರ್ವೆ ಆಫ್ ಇಂಡಿಯಾದ ಭೂಪಟದ ಜೊತೆ ತಾಳೆ ನೋಡುತ್ತ, ಬೆಳೆ, ಪಾಳು, ಗುಡ್ಡ, ನೀರು ಎಂದು ಗೆರೆ ಎಳೆಯುವುದು. ಹುಸಿಬಣ್ಣದಲ್ಲಿ ಬೆಳೆ ಹಸಿರಲ್ಲ, ಕಡುಗೆಂಪು. ಮೂಡಲಗಿ ಕಡೆಯ ಬೇಸಿಗೆಯ ಚಿತ್ರದಲ್ಲಿ ಎಡದಂಡೆ ಕಾಲುವೆಯ ಕೆಳಗೆ ಕೆಂಪು ಪಟ್ಟಿ, ಮೇಲೆ ಬೂದು-ನೀಲಿಯ ಒಣ ಮಡ್ಡಿ. ಕಾಲುವೆಯನ್ನು ಬೇರೆ ಗುರುತಿಸಬೇಕಾಗಿಯೇ ಇಲ್ಲ, ಬಣ್ಣದ ಅಂಚೇ ಕಾಲುವೆ.

ಕಬ್ಬನ್ನು ಗುರುತಿಸುವುದು ಇದೇ ಕಾರಣಕ್ಕೆ ಈ ಭಾಗದಲ್ಲಿ ಸುಲಭ. ಬಿಳಿಜೋಳ, ಕಡಲೆ, ಗೋಧಿ ಮಾರ್ಚಿನೊಳಗೆ ಮನೆ ಸೇರುತ್ತವೆ. ಏಪ್ರಿಲ್-ಮೇ ಚಿತ್ರದಲ್ಲಿ ಇನ್ನೂ ಹಸಿಯಾಗಿ ಉಳಿದ ದೊಡ್ಡ ಹರಹು ಬಹುಪಾಲು ಕಬ್ಬೇ. ಅಲ್ಲಲ್ಲಿ ಬಾಳೆ, ಬೇಸಿಗೆಯ ಗೋವಿನಜೋಳ. ತಿಂಗಳು ತಿಂಗಳ ಚಿತ್ರ ಸಾಲಾಗಿಟ್ಟರೆ ಹೊಸ ನಾಟಿ ಯಾವುದು, ಕಡಿದ ಮೇಲೆ ಚಿಗುರಿದ ಕುಳೆ ಯಾವುದು ಎಂದೂ ಹೇಳಬಹುದು, ಏಕೆಂದರೆ ಕುಳೆ ಬೇಗ ಹಸಿರೇರುತ್ತದೆ. ಅಣೆಕಟ್ಟಿನ ಜೊತೆಗೆ ಎಡದಂಡೆ ಕಾಲುವೆ 109 ಕಿ.ಮೀ.ಗೆ ಬೆಳೆಯಿತು, ಹಿಡಕಲ್ಲಿನಿಂದಲೇ ಹೊರಡುವ ಸುಮಾರು 200 ಕಿ.ಮೀ. ಬಲದಂಡೆ ಕಾಲುವೆ ಹಂತಹಂತವಾಗಿ ಮುಂದೆ ಸಾಗಿತು, ಚಿಕ್ಕೋಡಿ ಶಾಖಾ ಕಾಲುವೆ ಕೂಡಿತು. ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆ, ಗೋಕಾಕದ ಘಟಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆ, ಆಮೇಲೆ ಬಂದ ಖಾಸಗಿ ಕಾರ್ಖಾನೆಗಳು ಕಬ್ಬಿಗೆ ಗಿರಾಕಿಯಾದವು. ಹಳೆಯ ಲ್ಯಾಂಡ್‌ಸ್ಯಾಟಿನಿಂದ ಇಂದಿನವರೆಗಿನ ಬೇಸಿಗೆ ಚಿತ್ರಗಳಲ್ಲಿ ಈ ಕಥೆ ಕೆಂಪು ಹರಡುವಿಕೆಯಾಗಿ ಕಾಣುತ್ತದೆ.

ಆದರೆ ಕೆಂಪೆಲ್ಲ ಕಾಲುವೆಯದಲ್ಲ. ಹುಕ್ಕೇರಿ ತಾಲ್ಲೂಕಿನಲ್ಲಿ ಕಾಲುವೆಗೆ ದೂರದ ಎತ್ತರದ ನೆಲದಲ್ಲೂ ಬೇಸಿಗೆ ಹಸಿರಿನ ತುಂಡುಗಳು ಕಾಣುತ್ತವೆ. ಅವು ಬಾವಿ, ಕೊಳವೆಬಾವಿ, ಏತ ನೀರಾವರಿಯ ಹೊಲಗಳು. ಅವುಗಳ ಹಿಂದೆ ವಿದ್ಯುತ್ ಇದೆ. ದೇಶದಲ್ಲಿ ಪ್ರಯೋಗಕ್ಕೆಂದು ಆಯ್ದ ಐದು ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳಲ್ಲಿ ಒಂದು 1969ರಲ್ಲಿ ಹುಕ್ಕೇರಿಯಲ್ಲೇ ಸ್ಥಾಪನೆಯಾಯಿತು. ಕರ್ನಾಟಕದಲ್ಲಿ ಅಂಥದ್ದು ಅದೊಂದೇ. ಆಕಾಶದಿಂದ ಕಾಣುವ ಹಸಿರಿಗೆ ಭೂಮಿಯ ಮೇಲಿನ ಕಾರಣ ಹೀಗೆ ಸಂಘದ ದಫ್ತರದಲ್ಲಿ ಇರುತ್ತದೆ. ಅಂತರ್ಜಲ ಎಷ್ಟು ಇಳಿಯಿತು ಎಂಬುದನ್ನು ಮಾತ್ರ ಉಪಗ್ರಹ ಇಲ್ಲಿಗೆ ಹೇಳಲಾರದು. ಭೂಮಿಯ ಗುರುತ್ವ ತೂಗಿ ನೆಲದಡಿಯ ನೀರಿನ ಏರಿಳಿತ ಹೇಳುವ ಗ್ರೇಸ್ ಉಪಗ್ರಹಗಳ ಒಂದು ಅಳತೆಗೆ ನೂರಾರು ಕಿ.ಮೀ. ಹರವು ಬೇಕು, ಒಂದು ತಾಲ್ಲೂಕು ಅದರ ತಕ್ಕಡಿಗೆ ಸಿಗುವುದಿಲ್ಲ.

ಕಾಲುವೆ ತಂದ ಬದಲಾವಣೆಗಳಲ್ಲಿ ಅತ್ಯಂತ ನಿಧಾನವಾದದ್ದು, ಕಣ್ಣಿಗೆ ತಡವಾಗಿ ಬೀಳುವಂಥದ್ದು ಸವಳು-ಜವಳು. ಎರೆಮಣ್ಣು ನೀರು ಹಿಡಿದರೆ ಬಿಡದು. ಹೊಲಕ್ಕೆ ಹಾಯಿಸಿದ ನೀರಿಗೂ ಕಾಲುವೆಯಿಂದ ಸೋರಿದ ನೀರಿಗೂ ಬಸಿದುಹೋಗಲು ದಾರಿ ಇಲ್ಲದಿದ್ದರೆ ನೆಲದಡಿಯ ನೀರಿನ ಮಟ್ಟ ವರ್ಷವರ್ಷ ಮೇಲೇರುತ್ತದೆ. ಬೇರಿನ ಹತ್ತಿರ ಬಂದಾಗ ಅದು ಜವಳು. ಆ ನೀರು ಮಣ್ಣಿನ ಸಂದಿಗಳಲ್ಲಿ ಮೇಲೆ ಹತ್ತಿ ಬಿಸಿಲಿಗೆ ಆರಿ, ಹೊತ್ತು ತಂದ ಲವಣವನ್ನು ಮೇಲ್ಮೈಯಲ್ಲಿ ಬಿಟ್ಟಾಗ ಸವಳು. ಹಳ್ಳದ ಪಕ್ಕದ ತಗ್ಗು ಹೊಲಕ್ಕೆ ಮೊದಲು ಬರುತ್ತದೆ. ಕಬ್ಬಿನ ಗಣಿಕೆ ಗಿಡ್ಡವಾಗುತ್ತದೆ, ನಡುನಡುವೆ ಬೆಳೆ ಏಳದ ಬೋಳು ಮಚ್ಚೆ, ಆಮೇಲೆ ಹೊಲವೇ ಬೀಳು. ವಿಪರ್ಯಾಸವೆಂದರೆ ಇದು ನೀರು ಕಾಣದವರ ಕಷ್ಟವಲ್ಲ, ನೀರು ಹೆಚ್ಚಾದವರದು.

ಇದನ್ನು ಉಪಗ್ರಹದಿಂದ ಹಿಡಿಯಲು ಒಂದು ಚಿತ್ರ ಸಾಲದು. ಮಳೆಗಾಲ ಮುಗಿದ ಮೇಲಿನ ಚಿತ್ರದಲ್ಲಿ ನಿಂತ ನೀರು, ಒದ್ದೆ ನೆಲ ನೋಡಬೇಕು. ಬಿರುಬೇಸಿಗೆಯ ಚಿತ್ರದಲ್ಲಿ ಲವಣದ ಹೊಳಪು ನೋಡಬೇಕು. ಎರಡರಲ್ಲೂ ಅನುಮಾನ ಬಂದ ಜಾಗಕ್ಕೆ ಹೋಗಿ ಮಣ್ಣು ತೆಗೆದು ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕು. ಕೇಂದ್ರ ಜಲ ಆಯೋಗಕ್ಕಾಗಿ ಇಸ್ರೋ ದೇಶದ ದೊಡ್ಡ ಮತ್ತು ಮಧ್ಯಮ ನೀರಾವರಿ ಯೋಜನೆಗಳ ಅಚ್ಚುಕಟ್ಟುಗಳಲ್ಲಿ ಸವಳು-ಜವಳಿನ ಸಮೀಕ್ಷೆ ಮಾಡಿ 2009ರ ಸುಮಾರಿಗೆ ಮುಗಿಸಿದ್ದು ಈ ಕ್ರಮದಲ್ಲೇ. ಗಂಗಾ ಬಯಲಿನ ತಿಳಿಬಣ್ಣದ ಮಣ್ಣಿನಲ್ಲಿ ಬಿಳಿ ಪೊರೆ ಎದ್ದು ಕಾಣುತ್ತದೆ. ಘಟಪ್ರಭೆಯ ಕಪ್ಪು ಮಣ್ಣಿನಲ್ಲಿ ಹಾಗಲ್ಲ: ಸೋಡಿಯಂ ಹೆಚ್ಚಿ ಮಣ್ಣಿನ ರಚನೆಯೇ ಕೆಟ್ಟ ಹೊಲ ಮೇಲ್ನೋಟಕ್ಕೆ ಇನ್ನೂ ಕಪ್ಪಾಗಿ, ಒಳ್ಳೆಯ ಎರೆಯ ಹಾಗೆಯೇ ತೋರುತ್ತದೆ. ಅದಕ್ಕಿಂತ ಮೋಸದ ಇನ್ನೊಂದು ಸಂಗತಿ ಇದೆ. ಬೀಳು ಬಿಟ್ಟ ಸವಳು ನೆಲಕ್ಕೆ ಬಳ್ಳಾರಿ ಜಾಲಿ ಬರುತ್ತದೆ, ಬಸಿಗಾಲುವೆಗೆ ಜೊಂಡು ಬರುತ್ತದೆ. ಎರಡೂ ಬೇಸಿಗೆಯಲ್ಲಿ ಹಸಿರು. ಕೆಂಪು-ಅವಕೆಂಪುಗಳ ಅಂತರದಿಂದ ತೆಗೆದ ಹಸಿರಿನ ಸೂಚ್ಯಂಕವನ್ನು ಮಾತ್ರ ನೋಡಿದವರಿಗೆ ಹೊಲ ಕೆಟ್ಟದ್ದು ಹೊಲ ಸುಧಾರಿಸಿದಂತೆ ಕಾಣುತ್ತದೆ. ಹೊಲದ ಅಂಚಿನಲ್ಲಿ ನಿಂತ ರೈತ ಒಂದು ನೋಟಕ್ಕೆ ಹೇಳುವುದನ್ನು ಕಂಪ್ಯೂಟರ್ ತಿರುಗಾಮುರುಗಾ ಮಾಡಿಬಿಡುತ್ತದೆ.

ಜಲಾಶಯದ ಲೆಕ್ಕ ಇಷ್ಟು ಗೋಜಲಿನದಲ್ಲ. ಹಿಡಕಲ್ಲಿನ ನೀರಿನ ಮಟ್ಟ ದಿನದಿನ ದಾಖಲಾಗುತ್ತದೆ. ಉಪಗ್ರಹದ ಚಿತ್ರದಲ್ಲಿ ಆ ದಿನದ ನೀರಿನ ಹರವು ಅಳೆಯಬಹುದು. ಬೇರೆ ಬೇರೆ ಮಟ್ಟದ ದಿನಗಳ ಹರವನ್ನು ಜೋಡಿಸಿ, ಎರಡು ಮಟ್ಟಗಳ ನಡುವೆ ಎಷ್ಟು ನೀರು ಹಿಡಿಯುತ್ತದೆ ಎಂದು ತೆಗೆದು, ಅಣೆಕಟ್ಟು ಕಟ್ಟಿದಾಗಿನ ಪಟ್ಟಿಗೆ ಹೋಲಿಸಿದರೆ ಕೊರತೆ ಬಿದ್ದಷ್ಟು ಹೂಳು. ಕೇಂದ್ರ ಜಲ ಆಯೋಗ ದೇಶದ ಅನೇಕ ಜಲಾಶಯಗಳಲ್ಲಿ ಈ ವಿಧಾನ ಬಳಸಿದೆ. ದೋಣಿಯಲ್ಲಿ ಕುಳಿತು ಆಳ ಅಳೆಯುವ ಸರ್ವೆಗಿಂತ ಖರ್ಚು ಬಹಳ ಕಡಿಮೆ. ಮಿತಿ ಒಂದೇ: ನೀರು ಎಂದೂ ಇಳಿಯದ ತಳಭಾಗದ ಹೂಳು ಇದಕ್ಕೆ ಸಿಗದು. ಹುನ್ನೂರಿನ ಗುಡಿ ತಳದವರೆಗೆ ಹೊರಗೆ ಕಾಣುವಂಥ ಬರದ ಬೇಸಿಗೆಗಳು ಊರವರಿಗೆ ಸಂಕಟದ ದಿನಗಳಾದರೂ ಹೂಳಿನ ಲೆಕ್ಕ ತೆಗೆಯುವವರಿಗೆ ಅತ್ಯಂತ ಬೆಲೆಯುಳ್ಳ ಚಿತ್ರ ಕೊಡುವುದು ಅವೇ. ಧೂಪದಾಳದ ಹಿನ್ನೀರು, ಅದನ್ನೊಳಗೊಂಡು 1974ರಲ್ಲಿ ಘೋಷಿಸಿದ ಘಟಪ್ರಭಾ ಪಕ್ಷಿಧಾಮ (29.78 ಚ.ಕಿ.ಮೀ.) ಇನ್ನೊಂದು ಬಗೆಯದು. ಅಲ್ಲಿ ನೀರು ಆಳವಿಲ್ಲ. ಚಳಿಗಾಲದಲ್ಲಿ ಬರುವ ಕರ್ಕರೆ ಕೊಕ್ಕರೆಗಳಿಗೆ ಬೇಕಾದದ್ದೂ ಅಂಥದ್ದೇ. ನಡುಗಡ್ಡೆ, ಜೊಂಡು, ತೆಳುನೀರು ಒಂದಕ್ಕೊಂದು ಬೆರೆತಿರುವುದರಿಂದ ಹಳೆಯ ಒರಟು ಚೌಕಗಳಲ್ಲಿ ಇವುಗಳನ್ನು ಬೇರೆ ಮಾಡಲಾಗುವುದಿಲ್ಲ. ಇನ್ನು ಮೂಡಲಗಿ ತಾಲ್ಲೂಕಿನ ಯಾದವಾಡದ ಸುಣ್ಣಕಲ್ಲಿನ ಗಣಿಗಳು ಯಾವ ಚಿತ್ರದಲ್ಲಾದರೂ ಬೆಳ್ಳಗೆ ಎದ್ದು ಕಾಣುತ್ತವೆ. ಅವು ವರ್ಷವರ್ಷ ಅಗಲಿಸುವುದನ್ನು ಗುರುತಿಸಲು ವಿಶೇಷ ಪರಿಣತಿ ಬೇಡ.

ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ರವದಿಗೆ ಬೆಂಕಿ ಹಾಕುವುದು ಮೂರೂ ತಾಲ್ಲೂಕುಗಳಲ್ಲಿ ರೂಢಿ. ಬೆಂಕಿ ಪತ್ತೆಮಾಡುವ ಉಪಗ್ರಹ ಕ್ಯಾಮೆರಾಗಳಲ್ಲಿ ಹಳೆಯ ಮೋಡಿಸ್‌ನ ಚೌಕ 1 ಕಿ.ಮೀ., 2011ರಿಂದ ಇರುವ ವಿಐಐಆರ್‌ಎಸ್‌ನದು 375 ಮೀಟರ್. ಒಂದೆರಡು ಎಕರೆಯ ರವದಿ ಸ್ವಲ್ಪ ಹೊತ್ತಿನಲ್ಲಿ ಉರಿದು ತಣ್ಣಗಾಗುತ್ತದೆ. ಉಪಗ್ರಹ ತಲೆಯ ಮೇಲೆ ಬರುವ ಗಳಿಗೆಗೆ ಬೆಂಕಿ ಇರಬೇಕು, ದೊಡ್ಡದೂ ಆಗಿರಬೇಕು. ಪಂಜಾಬಿನ ಭತ್ತದ ಕೂಳೆಯ ಬೆಂಕಿಯಷ್ಟು ಇದು ಅಂಕಿಗಳಲ್ಲಿ ಕಾಣದಿರಲು ಕಡಿಮೆ ಸುಡುತ್ತಾರೆ ಎಂಬುದಷ್ಟೇ ಕಾರಣವಲ್ಲ.

ಬರದ ಲೆಕ್ಕಕ್ಕೆ ಉಪಗ್ರಹ ಬಂದದ್ದು 1980ರ ದಶಕದ ಕೊನೆಗೆ. ಅಮೆರಿಕದ ಹವಾಮಾನ ಉಪಗ್ರಹಗಳ ಸುಮಾರು ಒಂದು ಕಿ.ಮೀ. ಚೌಕದ ಚಿತ್ರಗಳಿಂದ ಮುಂಗಾರಿನಲ್ಲಿ ಜಿಲ್ಲೆವಾರು ಹಸಿರು ಸೂಚ್ಯಂಕ ತೆಗೆಯುವ ರಾಷ್ಟ್ರೀಯ ಏರ್ಪಾಡು ಹೈದರಾಬಾದಿನಿಂದ ನಡೆಯಿತು. 2012ರಿಂದ ಅದು ದೆಹಲಿಯ ಮಹಾಲನೋಬಿಸ್ ರಾಷ್ಟ್ರೀಯ ಬೆಳೆ ಮುನ್ಸೂಚನಾ ಕೇಂದ್ರದ ಕೈಯಲ್ಲಿದೆ. ಕರ್ನಾಟಕ 1988ರಲ್ಲೇ ತನ್ನದೇ ಬರ ನಿಗಾ ಘಟಕ ತೆರೆಯಿತು. ಇಂದಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮೂಲ ಅದು. ಕೇಂದ್ರ ಸರ್ಕಾರದ 2016ರ ಬರ ನಿರ್ವಹಣಾ ಕೈಪಿಡಿ ಮಳೆಯ ಕೊರತೆಯ ಜೊತೆಗೆ ಉಪಗ್ರಹದ ಸೂಚ್ಯಂಕಗಳನ್ನೂ ಬರ ಘೋಷಣೆಯ ಒರೆಗಲ್ಲಾಗಿ ಮಾಡಿತು. ಅಂದಿನಿಂದ ಪರಿಹಾರದ ದುಡ್ಡು ಚೌಕದ ಬಣ್ಣದ ಮೇಲೂ ನಿಂತಿದೆ. ಗೋಕಾಕ-ಮೂಡಲಗಿಯಂಥ ತಾಲ್ಲೂಕುಗಳಲ್ಲಿ ಇದರ ತೊಡಕು ಸ್ಪಷ್ಟ: ಕಾಲುವೆಯ ಕೆಳಗಿನ ಕಬ್ಬು ಬರದ ವರ್ಷದಲ್ಲೂ ಹಸಿರಾಗಿ ನಿಂತು ತಾಲ್ಲೂಕಿನ ಸರಾಸರಿಯನ್ನು ಎತ್ತಿಬಿಡುತ್ತದೆ, ಅದರ ಮರೆಯಲ್ಲಿ ಮಡ್ಡಿಯ ಒಣಬೇಸಾಯದವರ ಬೆಳೆ ಒಣಗಿದ್ದು ಕರಗಿಹೋಗುತ್ತದೆ. ಮೂಡಲಗಿ 2018ರಲ್ಲಿ ಗೋಕಾಕದಿಂದ ಬೇರೆಯಾದದ್ದರಿಂದ ಅದಕ್ಕೂ ಹಿಂದಿನ ತಾಲ್ಲೂಕುವಾರು ಪಟ್ಟಿಗಳಲ್ಲಿ ಅದರ ಹೆಸರೇ ಇಲ್ಲ. ಚಿತ್ರಗಳಿಗೆ ತಾಲ್ಲೂಕಿನ ಗಡಿ ಗೊತ್ತಿಲ್ಲವಾದ್ದರಿಂದ ಹಳೆಯ ವರ್ಷಗಳ ಲೆಕ್ಕವನ್ನು ಹೊಸ ಗಡಿಗೆ ಕತ್ತರಿಸಿ ಮತ್ತೆ ತೆಗೆಯಬಹುದು. ಕಾಗದದ ಅಂಕಿಸಂಖ್ಯೆಗೆ ಈ ಅನುಕೂಲವಿಲ್ಲ.

ಪ್ರವಾಹದಲ್ಲಿ ಮಾತು ಬೇರೆ. 2019ರ ಆಗಸ್ಟ್ ಮೊದಲ ಪಕ್ಷದಲ್ಲಿ ಸಹ್ಯಾದ್ರಿಯ ಮಳೆ ಹಿಡಕಲ್ ತುಂಬಿಸಿ, ನೀರನ್ನು ಕೆಳಗೆ ಬಿಡುವಂತೆ ಮಾಡಿತು. ಅಣೆಕಟ್ಟಿನ ಕೆಳಗೆ ಹಿರಣ್ಯಕೇಶಿ ಬಂದು ಕೂಡುತ್ತದೆ, ಗೋಕಾಕದ ಹತ್ತಿರ ಮಾರ್ಕಂಡೇಯ ನದಿ ಕೂಡುತ್ತದೆ. ಮೂರೂ ಒಟ್ಟಿಗೆ ತುಂಬಿ ಬಂದಾಗ ಲೋಳಸೂರ ಸೇತುವೆ ಮುಳುಗಿತು, ಗೋಕಾಕ ಊರೊಳಗೆ ಮನೆ, ಅಂಗಡಿಗಳಿಗೆ ನದಿ ನುಗ್ಗಿತು. 2021ರ ಜುಲೈ, 2024ರ ಜುಲೈಗಳಲ್ಲೂ ಊರು ನೀರು ಕಂಡಿತು.

ಇಂಥ ದಿನಗಳಲ್ಲಿ ಮೋಡ ಮುಚ್ಚಿರುವುದರಿಂದ ಬೆಳಕಿನ ಕ್ಯಾಮೆರಾಗಳು ಕುರುಡು. ಉಪಯೋಗಕ್ಕೆ ಬರುವುದು ರೇಡಾರ್: ತಾನೇ ಅಲೆ ಕಳಿಸಿ ಮರಳಿದ್ದನ್ನು ಅಳೆಯುತ್ತದೆ, ಮೋಡಕ್ಕೂ ಕತ್ತಲಿಗೂ ಹೆದರುವುದಿಲ್ಲ. ನಿಂತ ನೀರಿನ ನುಣುಪು ಮೇಲ್ಮೈ ಅಲೆಯನ್ನು ಆಚೆಗೆ ಜಾರಿಸಿ ಚಿತ್ರದಲ್ಲಿ ಕಪ್ಪಾಗುತ್ತದೆ. ಇಸ್ರೋ 2012ರಲ್ಲಿ ರಿಸ್ಯಾಟ್-1 ಹಾರಿಸಿತು. ಯುರೋಪಿನ ಸೆಂಟಿನೆಲ್-1 ಚಿತ್ರಗಳು 2014ರಿಂದ ಎಲ್ಲರಿಗೂ ಉಚಿತ. 2022ರಲ್ಲಿ ಇಒಎಸ್-04 ಬಂತು. ಹೈದರಾಬಾದಿನ ಕೇಂದ್ರ ಇವುಗಳಿಂದ ಮುಳುಗಡೆ ನಕ್ಷೆ ಮಾಡಿ ಜಿಲ್ಲಾಡಳಿತಗಳಿಗೆ ಕಳಿಸುತ್ತದೆ. ನಕ್ಷೆ ನೋಡಿದವರು ಒಂದು ವಿಚಿತ್ರ ಗಮನಿಸಬಹುದು: ಅತಿ ಹೆಚ್ಚು ನಷ್ಟವಾದ ಎರಡು ಜಾಗಗಳೇ ಅದರಲ್ಲಿ ಸರಿಯಾಗಿ ಕಾಣುವುದಿಲ್ಲ. ಒಂದು, ಕಬ್ಬಿನ ಹೊಲ. ಆಗಸ್ಟಿನ ಆಳೆತ್ತರದ ಕಬ್ಬಿನ ಬುಡದಲ್ಲಿ ಮೊಳಕಾಲುದ್ದ ನೀರು ನಿಂತರೂ, ಐದಾರು ಸೆಂಟಿಮೀಟರ್ ಉದ್ದದ ರೇಡಾರ್ ಅಲೆ ಎಲೆಗಳಲ್ಲೇ ಚದುರಿ ಹಿಂತಿರುಗುತ್ತದೆ; ನಕ್ಷೆಗೆ ಅದು ಒಣ ಹೊಲ. ಇನ್ನೊಂದು, ಊರು. ಗೋಡೆಗೂ ಬೀದಿಯ ನೀರಿಗೂ ಬಡಿದ ಅಲೆ ನೇರವಾಗಿ ಮರಳಿ, ಮುಳುಗಿದ ಓಣಿ ಕಪ್ಪಾಗುವ ಬದಲು ಇನ್ನೂ ಬೆಳ್ಳಗಾಗುತ್ತದೆ. ಸಾಲದ್ದಕ್ಕೆ ಸೆಂಟಿನೆಲ್-1ರ ಒಂದು ಉಪಗ್ರಹ ಒಂದೇ ಹಾದಿಯಲ್ಲಿ ಮರಳಿ ಬರಲು 12 ದಿನ ಹಿಡಿಯುತ್ತದೆ. ಘಟಪ್ರಭೆಯ ನೆರೆಯ ನೆತ್ತಿ ಎರಡು-ಮೂರು ದಿನದ್ದು. ಅದು ಕಳೆದ ಮರುದಿನದ ಚಿತ್ರದಲ್ಲಿ ಇಳಿದ ನೀರಷ್ಟೇ ಇದ್ದರೆ ಆ ವರ್ಷದ ದಾಖಲೆ ಅಷ್ಟಕ್ಕೇ ನಿಲ್ಲುತ್ತದೆ. ಊರಿನ ಗೋಡೆಗಳ ಮೇಲೆ ನೆರೆ ಉಳಿಸಿಹೋಗುವ ಕೆಸರಿನ ಗೆರೆ ಈ ಮಟ್ಟಿಗೆ ಹೆಚ್ಚು ನಂಬಿಕಸ್ಥ. ಭಾರತ-ಅಮೆರಿಕ ಜೊತೆಯಾಗಿ 2025ರ ಜುಲೈ 30ರಂದು ಹಾರಿಸಿದ ನಿಸಾರ್ ಉಪಗ್ರಹದ ಒಂದು ರೇಡಾರಿನ ಅಲೆಯ ಉದ್ದ ಸುಮಾರು 24 ಸೆಂಟಿಮೀಟರ್. ಗಿಡದ ಮರೆಯ ನೀರನ್ನು ನೋಡುವುದರಲ್ಲಿ ಅದು ಹಿಂದಿನವುಗಳಿಗಿಂತ ಮೇಲು.

ಚಿತ್ರಗಳು ಜನರ ಕೈಗೆ ಬಂದದ್ದು ಇತ್ತೀಚೆಗೆ. ಲ್ಯಾಂಡ್‌ಸ್ಯಾಟಿನ ಇಡೀ ಭಂಡಾರ 2008ರಲ್ಲಿ ಉಚಿತವಾಯಿತು. ಅದಕ್ಕೂ ಮೊದಲು ಒಂದೊಂದು ಚಿತ್ರವನ್ನೂ ದುಡ್ಡು ಕೊಟ್ಟು ಕೊಳ್ಳಬೇಕಿತ್ತು, ಆದ್ದರಿಂದ ಹಳೆಯ ಅಧ್ಯಯನಗಳು ಎರಡೋ ಮೂರೋ ಚಿತ್ರಗಳ ಮೇಲೆ ನಿಂತವು. 2009ರಲ್ಲಿ ಇಸ್ರೋ ‘ಭುವನ್’ ತೆರೆಯಿತು. 2017ರಿಂದ ರಾಜ್ಯ ಸರ್ಕಾರ ಸರ್ವೆ ನಂಬರುವಾರು ಬೆಳೆ ಸಮೀಕ್ಷೆಯನ್ನು ಮೊಬೈಲಿಗೆ ತಂದಿತು: ಹೊಲದಲ್ಲಿ ನಿಂತು ಫೋಟೋ ತೆಗೆದರಷ್ಟೇ ಬೆಳೆ ದಾಖಲಾಗುತ್ತದೆ. ರಾಜ್ಯ ದೂರಸಂವೇದಿ ಕೇಂದ್ರದ ‘ದಿಶಾಂಕ್’ ಆ್ಯಪ್ ಹಳೆಯ ಗ್ರಾಮನಕ್ಷೆಗಳನ್ನು ಉಪಗ್ರಹ ಚಿತ್ರದ ಮೇಲೆ ಹೊದಿಸಿ, ನಿಂತ ಜಾಗದ ಸರ್ವೆ ನಂಬರು ಹೇಳುತ್ತದೆ. ಹೀಗೆ 19ನೇ ಶತಮಾನದ ಸರಪಳಿಯ ಗೆರೆಗಳೂ 21ನೇ ಶತಮಾನದ ಚೌಕಗಳೂ ಒಂದೇ ಪರದೆಗೆ ಬಂದಿವೆ. ಎರಡೂ ಪೂರ್ತಿ ಹೊಂದುವುದಿಲ್ಲ. ಕಾಗದದ ನಕ್ಷೆ ಹಿಗ್ಗಿ ಕುಗ್ಗಿದೆ, ಹಳ್ಳಗಳು ದಾರಿ ಬದಲಿಸಿವೆ, ಹಿಡಕಲ್ಲಿನ ಹಿನ್ನೀರಿನಡಿಯ ಸರ್ವೆ ನಂಬರುಗಳು ಪರದೆಯ ಮೇಲೆ ನೀಲಿ ನೀರಿನಲ್ಲಿ ತೇಲುತ್ತವೆ. ಅಣ್ಣತಮ್ಮಂದಿರ ಪಾಲಿನಲ್ಲಿ ಉದ್ದುದ್ದ ಸೀಳಿದ ಹೊಲಗಳ ಅಗಲ ಕೆಲವು ಕಡೆ ಒಂದು ಸರಪಳಿಗಿಂತ ಕಡಿಮೆ. ಸೆಂಟಿನೆಲ್‌ನ ಒಂದು ಚೌಕದಲ್ಲಿ ಅಲ್ಲಿ ಇಬ್ಬರ ಬೆಳೆ ಬೆರೆತಿರುತ್ತದೆ. ಆದ್ದರಿಂದ ದಿಶಾಂಕ್ ತೋರಿಸುವ ಗಡಿ ಮಾಹಿತಿಗಷ್ಟೇ. ತಕರಾರು ಬಂದಾಗ ಈಗಲೂ ಭೂಮಾಪನ ಇಲಾಖೆಗೆ ಹದ್ದುಬಸ್ತಿನ ಅರ್ಜಿ ಕೊಡಬೇಕು. ಭೂಮಾಪಕರು ಬಂದು ಹಳೆಯ ಟಿಪ್ಪಣಿ ತೆರೆದು, ಬಾಜೂದಾರರನ್ನು ನಿಲ್ಲಿಸಿಕೊಂಡು, ಗಡಿಕಲ್ಲು ಎಲ್ಲಿತ್ತೆಂದು ಹುಡುಕಿ ಅಳೆಯುತ್ತಾರೆ. ಕೈಯಲ್ಲಿ ಈಗ ಉಪಗ್ರಹದ ಸಂಕೇತ ಹಿಡಿಯುವ ರೋವರ್ ಇರುವುದುಂಟು. ಬರೆಯುವ ಲೆಕ್ಕ ಮಾತ್ರ ಎಕರೆ-ಗುಂಟೆಗಳಲ್ಲೇ.